ಐಸ್ಟೆದ್‌ವೊಡ್: ಒಂದು ಕುರ್ಚಿಯ ಸುತ್ತ ಬೆಳೆದ ಪದ

ವೇಲ್ಸ್ ನಾಡಿನ ಈ ಪದವನ್ನು (eisteddfod) ಮೊದಲ ಸಲ ಅಚ್ಚಿನಲ್ಲಿ ಕಂಡವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ನಡುವೆ ಬರುವ ಜೋಡಿ ‘ಡಿ’ ಅಕ್ಷರಗಳನ್ನು ಒತ್ತಿ ‘ಡ್ಡ’ ಅನ್ನುತ್ತಾರೆ, ಅದರ ಪಕ್ಕದ ‘ಎಫ್’ ಅಕ್ಷರವನ್ನು ‘ಫ’ ಎಂದು ಓದುತ್ತಾರೆ. ವೆಲ್ಷ್ ಭಾಷೆಯಲ್ಲಿ ಎರಡೂ ತಪ್ಪು. ಅಲ್ಲಿ ಜೋಡಿ ‘ಡಿ’ ಒಂದೇ ಅಕ್ಷರ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಸ್ವಲ್ಪ ತಂದು ಗಾಳಿ ಬಿಡುತ್ತ ಹೇಳುವ ಮೆತ್ತನೆಯ ‘ದ’ ಅದು. ಒಂಟಿ ‘ಎಫ್’ ಎಂದರೆ ‘ವ’. ‘ಫ’ ಬೇಕಿದ್ದರೆ ಅವರು ಎರಡು ‘ಎಫ್’ ಬರೆಯುತ್ತಾರೆ. ಹಾಗಾಗಿ ಪದ ‘ಐಸ್ಟೆದ್‌ವೊಡ್’. ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ, ಅಂದರೆ ‘ಸ್ಟೆದ್’ ಮೇಲೆ ಬೀಳುತ್ತದೆ. ಬಹುವಚನ ‘ಐಸ್ಟೆದ್‌ವೊಡೈ’. ಬಾಲ ಒಂದಿಷ್ಟು ಬೆಳೆದದ್ದರಿಂದ ಒತ್ತೂ ಒಂದು ಹೆಜ್ಜೆ ಮುಂದೆ ಸರಿದು ‘ವೊಡ್’ ಮೇಲೆ ಕೂರುತ್ತದೆ. ಇಂಗ್ಲಿಷಿನವರು ಈ ಕಷ್ಟವೇ ಬೇಡವೆಂದು ಕೊನೆಗೊಂದು ‘ಸ್’ ಹಚ್ಚಿ ಮುಗಿಸುತ್ತಾರೆ.

ನಿಘಂಟುಗಳು ಇದಕ್ಕೆ ‘ಕಲಾ ಉತ್ಸವ’ ಎಂದು ಅರ್ಥ ಕೊಡುತ್ತವೆ. ಬಳಕೆಯ ಮಟ್ಟಿಗೆ ಅದು ಸರಿಯೇ. ಆದರೆ ಪದವನ್ನು ಬಿಡಿಸಿದರೆ ಒಳಗೆ ಕಲೆಯೂ ಇಲ್ಲ, ಉತ್ಸವವೂ ಇಲ್ಲ. ಇರುವುದು ಕೂರುವುದು ಮಾತ್ರ.

‘ಐಸ್ಟೆದ್’ ಎಂದರೆ ಕೂರು. ಎರಡನೆಯ ಭಾಗದ ಮೂಲರೂಪ ‘ಬೋಡ್’: ಇರು, ಇರುವಿಕೆ. ಹಳೆಯ ಪದಗಳಲ್ಲಿ ಇರುವ ಜಾಗ, ನೆಲೆ ಎಂಬ ಅರ್ಥವೂ ಅದಕ್ಕಿದೆ. ಬೇಸಿಗೆಯಲ್ಲಿ ದನ ಕಾಯುವವರು ಬೆಟ್ಟದ ಮೇಲೆ ತಂಗುತ್ತಿದ್ದ ಮನೆಗೆ ‘ಹಾವೊಡ್’ ಎಂದು ಹೆಸರು. ‘ಹಾವ್’ ಬೇಸಿಗೆ, ಅದಕ್ಕೆ ‘ಬೋಡ್’ ಸೇರಿದೆ. ಇವತ್ತಿನ ವೆಲ್ಷಿನಲ್ಲಿ ಸಭೆ, ಮೀಟಿಂಗು ಎನ್ನಲು ಬಳಸುವ ‘ಕವಾರ್‌ವೊಡ್’ ಪದದ ಕೊನೆಯಲ್ಲಿರುವುದೂ ಅದೇ ‘ಬೋಡ್’. ಆ ಲೆಕ್ಕದಲ್ಲಿ ಐಸ್ಟೆದ್‌ವೊಡ್ ಎಂದರೆ ಕೂತಿರುವಿಕೆ, ಕೂರುವ ನೆಲೆ, ಸಭೆ ಕೂರುವುದು.

‘ಬೋಡ್’ ಇದ್ದದ್ದು ‘ವೊಡ್’ ಆದದ್ದು ಹೇಗೆ ಎಂಬುದು ಇಂಗ್ಲಿಷ್ ಓದುಗರಿಗೆ ದೊಡ್ಡ ಒಗಟು. ಶಾಲೆಯಲ್ಲಿ ಆದೇಶ ಸಂಧಿ ಕಲಿತವರಿಗೆ ಅಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ವೆಲ್ಷಿನಲ್ಲೂ ಸಮಾಸದ ಎರಡನೆಯ ಪದದ ಮೊದಲ ವ್ಯಂಜನ ಹೀಗೆಯೇ ಮೆತ್ತಗಾಗುತ್ತದೆ: ಕ ಹೋಗಿ ಗ, ಟ ಹೋಗಿ ಡ, ಪ ಹೋಗಿ ಬ. ಬ ಮತ್ತು ಮ ಎರಡೂ ವ ಆಗುತ್ತವೆ. ಕಡು ಮತ್ತು ಬೆಳ್ಪು ಕಡುವೆಳ್ಪು, ಮೆಲ್ ಮತ್ತು ಮಾತು ಮೆಲ್ವಾತು ಆದಂತೆ. ಒಂದು ವ್ಯತ್ಯಾಸವಿದೆ: ಕನ್ನಡದಲ್ಲಿ ಇದು ಪದ ಪದ ಕೂಡುವಲ್ಲಿ ನಡೆಯುವ ಮಾತು. ವೆಲ್ಷಿನಲ್ಲಿ ‘ನಿನ್ನ’, ‘ಎರಡು’, ‘ಗೆ’ ಮುಂತಾದ ಎಷ್ಟೋ ಸಣ್ಣ ಪದಗಳ ಬೆನ್ನಿಗೆ ಬಂದ ಬಿಡಿ ಪದವೂ ತಲೆ ಬದಲಿಸಿಕೊಳ್ಳುತ್ತದೆ. ಈ ಹೋಲಿಕೆಯಿಂದ ಎರಡು ಭಾಷೆಗಳಿಗೆ ನೆಂಟಸ್ತಿಕೆ ಹಚ್ಚಬಾರದು. ಕನ್ನಡ ದ್ರಾವಿಡ, ವೆಲ್ಷ್ ಕೆಲ್ಟಿಕ್. ಬಾಯಿ ಎಲ್ಲೆಡೆ ಒಂದೇ ಥರ ಸೋಮಾರಿ, ಅಷ್ಟೆ.

ನಿಜವಾದ ನೆಂಟಸ್ತಿಕೆ ಇರುವುದು ಬೇರೆ ಕಡೆ, ಅದೂ ಕನ್ನಡ ಸಂಸ್ಕೃತದಿಂದ ತಂದುಕೊಂಡ ಪದಗಳ ಮೂಲಕ. ವೆಲ್ಷ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ‘ಐಸ್ಟೆದ್’ ಪದದ ಒಡಲಲ್ಲಿರುವ ‘ಸೆದ್’ ಸಂಸ್ಕೃತದ ‘ಸದ್’ ಧಾತುವಿನ ಒಡಹುಟ್ಟು. ಸದನ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ‘ಕೂರು’ ಎಂಬ ಆ ಧಾತುವಿನಿಂದಲೇ ಹುಟ್ಟಿದವು. ‘ಬೋಡ್’ ನಮ್ಮ ಭವನ, ಸಂಭವಗಳ ‘ಭೂ’ ಧಾತುವಿನ ಬಂಧು. ಸುತ್ತ ಕೂತವರು ಪರಿಷತ್ತಾದರು, ಕೂಡಿ ಕೂತವರು ಸಂಸತ್ತಾದರು, ಕವಿಗಳನ್ನು ಅಳೆಯಲು ಕೂತವರು ಐಸ್ಟೆದ್‌ವೊಡ್ ಆದರು. ಧಾತು ಬೇರೆಯಾದರೂ ಧಾರವಾಡದ ಕಡೆ ಸಂಗೀತದ ಕಛೇರಿಗೆ ಬೈಠಕ್ ಎನ್ನುವಾಗ ಕೆಲಸ ಮಾಡುವ ತರ್ಕ ಇದೇ.

ಈ ಧಾತು ವೆಲ್ಷ್ ಉತ್ಸವದ ಮೂಲೆಮೂಲೆಯಲ್ಲೂ ಅಡಗಿದೆ. ಉತ್ಸವದ ವಿಧಿಗಳನ್ನು ನಡೆಸುವ ಕವಿಗಳ ಮಂಡಲಿಗೆ ‘ಗೋರ್ಸೆದ್’ ಎಂದು ಹೆಸರು. ಇಂದು ಆ ಪದಕ್ಕೆ ಸಿಂಹಾಸನ ಎಂದರ್ಥ. ಮಧ್ಯಯುಗದಲ್ಲಿ ಎತ್ತರದ ದಿಬ್ಬ, ನ್ಯಾಯಸಭೆ ಎಂಬ ಅರ್ಥಗಳೂ ಇದ್ದವು. ‘ಗೋರ್’ ನಮ್ಮ ಉಪರಿಯ ದಾಯಾದಿ, ‘ಸೆದ್’ ಅದೇ ಕೂರುವುದು: ಮೇಲಿನ ಆಸನ. ಅತಿ ದೊಡ್ಡ ಬಹುಮಾನ ‘ಕಾಡೈರ್’, ಅಂದರೆ ಕುರ್ಚಿ. ಇದು ಲ್ಯಾಟಿನ್ನಿನ ಕಥೆಡ್ರಾದಿಂದ ಬಂತು, ಅದು ಗ್ರೀಕಿನಿಂದ ಬಂತು, ಅಲ್ಲಿ ಒಳಗಿರುವುದು ಮತ್ತೆ ಅದೇ ಧಾತು. ಇಂಗ್ಲಿಷ್ ಮೂಲಕ ನಮಗೆ ಬಂದ ‘ಚೇರು’ ಕೂಡ ಕಥೆಡ್ರಾದ ಮೊಮ್ಮಗುವೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಹಿಡಿಯುವ ‘ಸೀಟು’ ಸಹ ಈ ವಂಶದ್ದೇ.

ಇನ್ನು ಚರಿತ್ರೆ. ಎಲ್ಲ ಬರಹಗಳೂ 1176ರಿಂದ ಶುರುವಾಗುತ್ತವೆ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ದಕ್ಷಿಣ ವೇಲ್ಸಿನ ಅರಸ ರೀಸ್ ಅಪ್ ಗ್ರಿಫಿದ್ ಕಾರ್ಡಿಗನ್ ಕೋಟೆಯಲ್ಲಿ ಎರಡು ಸ್ಪರ್ಧೆ ಏರ್ಪಡಿಸಿದ. ಒಂದು ಕವಿಗಳಿಗೆ, ಇನ್ನೊಂದು ಹಾರ್ಪ್, ಕ್ರುತ್ ಎಂಬ ತಂತಿವಾದ್ಯ ಮತ್ತು ಕೊಳಲು ಬಾರಿಸುವವರಿಗೆ. ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಒಂದು ವರ್ಷ ಮೊದಲೇ ಡಂಗುರ ಸಾರಿಸಿದ್ದ. ಗೆದ್ದವರಿಗೆ ಒಂದೊಂದು ಕುರ್ಚಿ. ವಾದ್ಯದ ಕುರ್ಚಿ ರೀಸನ ಆಸ್ಥಾನದ ಯುವಕನಿಗೇ ಸಿಕ್ಕಿತು, ಕಾವ್ಯದ್ದು ಉತ್ತರದ ಗ್ವಿನೆದ್‌ನವರ ಪಾಲಾಯಿತು. ಒಂದು ವಿಷಯ ಮರೆಯಬಾರದು: ಇದನ್ನು ದಾಖಲಿಸಿದ ವೆಲ್ಷ್ ವೃತ್ತಾಂತದಲ್ಲಿ ‘ಐಸ್ಟೆದ್‌ವೊಡ್’ ಎಂಬ ಪದವೇ ಇಲ್ಲ. ಅಲ್ಲಿರುವುದು ‘ವಿಶೇಷ ಔತಣ’. ಪದ ಆಮೇಲೆ ಬಂತು, ಬಂದ ಮೇಲೆ ಹಿಂದಕ್ಕೆ ಹೋಗಿ 1176ಕ್ಕೂ ಅಂಟಿಕೊಂಡಿತು.

ಬಹುಮಾನವಾಗಿ ಕುರ್ಚಿಯೇ ಏಕೆ? ಅರಸನ ಸಭೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಕಾನೂನಿನ ವಿಷಯವಾಗಿತ್ತು. ಹಳೆಯ ವೆಲ್ಷ್ ಕಾನೂನು ಗ್ರಂಥಗಳು ‘ಕುರ್ಚಿ ಪಡೆದ ಕವಿ’ಯನ್ನು ಬೇರೆಯೇ ದರ್ಜೆಯವನಾಗಿ ಎಣಿಸುತ್ತವೆ. ಕುರ್ಚಿ ಗೆಲ್ಲುವುದೆಂದರೆ ಆಸ್ಥಾನದಲ್ಲಿ ಜಾಗ ಗೆಲ್ಲುವುದು.

ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಐಸ್ಟೆದ್‌ವೊಡ್ ಎಂದರೆ ಜಾತ್ರೆಯಲ್ಲ, ಕವಿಗಳ ವೃತ್ತಿಸಂಘದ ಪರೀಕ್ಷೆ. 1451ರ ಸುಮಾರಿಗೆ ಕಾರ್ಮಾರ್ದನ್‌ನಲ್ಲಿ ಗ್ರಿಫಿದ್ ಅಪ್ ನಿಕೊಲಸ್ ನಡೆಸಿದ ಸಭೆಯಲ್ಲಿ ಡಾವಿದ್ ಅಬ್ ಎಡ್ಮುಂಡ್ ಎಂಬ ಕವಿ ಬೆಳ್ಳಿಯ ಕುರ್ಚಿ ಗೆದ್ದ, ಜೊತೆಗೆ ವೆಲ್ಷ್ ಕಾವ್ಯದ 24 ಛಂದಸ್ಸುಗಳನ್ನು ತಿದ್ದಿ ಕಟ್ಟಿದ. ಅವನ ತಿದ್ದುಪಡಿ ಎಷ್ಟು ಬಿಗಿಯೆಂದರೆ ಕಸುಬು ಬಾರದವರು ಹತ್ತಿರ ಸುಳಿಯುವಂತಿರಲಿಲ್ಲ. ಉದ್ದೇಶವೂ ಅದೇ ಇದ್ದಿರಬೇಕು. 1523 ಮತ್ತು 1567ರಲ್ಲಿ ಕೈರ್‌ವಿಸ್ ಎಂಬ ಊರಲ್ಲಿ ಇಂಥ ಎರಡು ಸಭೆ ನಡೆದವು. ಎರಡನೆಯದಕ್ಕೆ ರಾಣಿ ಒಂದನೆಯ ಎಲಿಜಬೆತ್‌ಳ ಅಪ್ಪಣೆಯೇ ಇತ್ತು. ಕವಿ, ಗಾಯಕ ಎಂದು ಹೇಳಿಕೊಂಡು ಮನೆಮನೆ ತಿರುಗುವ ಅಲೆಮಾರಿಗಳು ಹೆಚ್ಚಾಗಿದ್ದಾರೆ, ಯೋಗ್ಯರನ್ನು ಆರಿಸಿ ಪರವಾನಗಿ ಕೊಡಿ, ಮಿಕ್ಕವರನ್ನು ದುಡಿಮೆಗೆ ಅಟ್ಟಿ ಎಂಬುದು ಆದೇಶದ ಸಾರ. ನ್ಯಾಯಾಲಯ ಕೂರುತ್ತದೆ ಎಂಬಂಥ ಅರ್ಥದಲ್ಲೇ ಆಗ ಐಸ್ಟೆದ್‌ವೊಡ್ ಕೂರುತ್ತಿತ್ತು.

ಆಮೇಲೆ ವೆಲ್ಷ್ ಸಿರಿವಂತರು ಇಂಗ್ಲಿಷಿಗೆ ತಿರುಗಿದರು, ಕವಿಗಳಿಗೆ ಆಶ್ರಯ ಬತ್ತಿತು. ಹದಿನೆಂಟನೆಯ ಶತಮಾನದಲ್ಲಿ ಐಸ್ಟೆದ್‌ವೊಡ್ ಹಳ್ಳಿಯ ಹೆಂಡದಂಗಡಿಗೆ ಇಳಿಯಿತು. ಪಂಚಾಂಗದಲ್ಲಿ ದಿನ ಪ್ರಕಟವಾಗುತ್ತಿತ್ತು, ಹತ್ತಾರು ಜನ ಸೇರಿ ಆಶುಕವಿತೆ ಹೇಳಿ ಕುಡಿದು ಹೋಗುತ್ತಿದ್ದರು. 1789ರಲ್ಲಿ ಲಂಡನ್ನಿನ ವೆಲ್ಷ್ ವ್ಯಾಪಾರಿಗಳ ಗ್ವಿನೆದಿಗಿಯೊನ್ ಸಂಘ ಇದಕ್ಕೆ ಹಣ, ನಿಯಮ, ಮೊದಲೇ ಕೊಟ್ಟ ವಿಷಯ, ಬರವಣಿಗೆಯ ತೀರ್ಪು ಎಲ್ಲವನ್ನೂ ತಂದಿತು. ಇವತ್ತಿನ ಐಸ್ಟೆದ್‌ವೊಡ್‌ನ ಯಂತ್ರ ಚಾಲೂ ಆದದ್ದು ಅಲ್ಲಿಂದ.

ಬಿಳಿ, ನೀಲಿ, ಹಸಿರು ನಿಲುವಂಗಿ ತೊಟ್ಟ ‘ಡ್ರೂಯಿಡ್’ಗಳ, ಅಂದರೆ ಪ್ರಾಚೀನ ಕೆಲ್ಟಿಕ್ ಪುರೋಹಿತರ ವೇಷದವರ ಫೋಟೊ ನೋಡಿ ಇದು ಎರಡು ಸಾವಿರ ವರ್ಷದ ಆಚರಣೆ ಎಂದು ನಂಬುವವರು ಬಹಳ. ಗೋರ್ಸೆದ್ ಮೊದಲು ಸೇರಿದ್ದು 1792ರ ಜೂನ್ 21ರಂದು, ಅದೂ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಗುಡ್ಡದ ಮೇಲೆ. ಕಟ್ಟಿದವನು ಎಡ್ವರ್ಡ್ ವಿಲಿಯಮ್ಸ್, ಕಾವ್ಯನಾಮ ಯೋಲೊ ಮೊರ್ಗಾನುಗ್. ಕಲ್ಲುಕುಟಿಗ, ಅಫೀಮಿನ ದ್ರಾವಣಕ್ಕೆ ಅಂಟಿಕೊಂಡವನು, ಅಪಾರ ಪಾಂಡಿತ್ಯದವನು, ಹಳೆಯ ಹಸ್ತಪ್ರತಿಗಳನ್ನು ತಾನೇ ಸೃಷ್ಟಿಸುವಷ್ಟು ಧೈರ್ಯದವನು. ಪ್ರಾಚೀನ ಡ್ರೂಯಿಡ್‌ಗಳಿಂದ ತನ್ನವರೆಗೆ ಪರಂಪರೆ ಕಡಿಯದೆ ಬಂದಿದೆ ಎಂಬ ಅವನ ಮಾತು ಕಟ್ಟುಕತೆ ಎಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಸಾಬೀತು ಮಾಡಿದರು. ಅಷ್ಟರಲ್ಲಿ ತಡವಾಗಿತ್ತು. 1819ರಲ್ಲಿ ಕಾರ್ಮಾರ್ದನ್‌ನ ಐವಿ ಬುಷ್ ಹೋಟೆಲಿನ ತೋಟದಲ್ಲಿ ಅವನು ಗೋರ್ಸೆದ್ ವಿಧಿ ನಡೆಸಿ ಅದನ್ನು ಐಸ್ಟೆದ್‌ವೊಡ್‌ಗೆ ಗಂಟು ಹಾಕಿದ್ದ. ಆ ಗಂಟು ಇನ್ನೂ ಬಿಚ್ಚಿಲ್ಲ. ಆದ್ದರಿಂದ ಎರಡನ್ನೂ ಬೇರೆಯಾಗಿ ನೋಡಬೇಕು: ಕುರ್ಚಿಯ ಸ್ಪರ್ಧೆ ನಿಜಕ್ಕೂ ಹಳೆಯದು, ನಿಲುವಂಗಿ ಹೊಸದು.

ಮೊದಲ ರಾಷ್ಟ್ರೀಯ ಐಸ್ಟೆದ್‌ವೊಡ್ 1861ರಲ್ಲಿ ಆಬರ್‌ಡೇರ್‌ನಲ್ಲಿ ನಡೆಯಿತು. 1881ರಿಂದ ಕೆಲವೇ ಅಡ್ಡಿಗಳನ್ನು ಬಿಟ್ಟರೆ ವರ್ಷವರ್ಷ ನಡೆದಿದೆ. 1914ರದ್ದು ಯುದ್ಧದಿಂದ ಮುಂದೆ ಹೋಯಿತು, 1940ರದ್ದು ರೇಡಿಯೊದಲ್ಲಿ ನಡೆಯಿತು, ಕೋವಿಡ್ ಕಾಲದಲ್ಲೂ ಮೈದಾನದ ಉತ್ಸವ ನಿಂತಿತ್ತು. ಆಗಸ್ಟ್ ತಿಂಗಳ ಮೊದಲ ವಾರ, ಎಂಟು ದಿನ, ಒಂದು ವರ್ಷ ಉತ್ತರದಲ್ಲಾದರೆ ಮರುವರ್ಷ ದಕ್ಷಿಣದಲ್ಲಿ. ಸಾಮಾನ್ಯವಾಗಿ ಊರ ಹೊರಗಿನ ದೊಡ್ಡ ಹುಲ್ಲುಗಾವಲು ಹಿಡಿದು ಡೇರೆ ಹಾಕುತ್ತಾರೆ. ಆ ಇಡೀ ಆವರಣಕ್ಕೆ ‘ಮಾಯ್ಸ್’ ಎಂದೇ ಹೆಸರು, ಬಯಲು ಎಂದರ್ಥ. 1950ರಿಂದ ವೇದಿಕೆಯ ಭಾಷೆ ವೆಲ್ಷ್ ಒಂದೇ. ಬಾರದವರು ಹೆಡ್‌ಫೋನ್ ಹಾಕಿಕೊಂಡು ಅನುವಾದ ಕೇಳಬಹುದು.

ಕುರ್ಚಿಯ ಸ್ಪರ್ಧೆ ಹೀಗೆ ನಡೆಯುತ್ತದೆ. ಉತ್ಸವಕ್ಕೆ ಕನಿಷ್ಠ ಒಂದು ವರ್ಷ ಒಂದು ದಿನ ಮೊದಲು ಗೋರ್ಸೆದ್ ಆ ಊರಿಗೆ ಹೋಗಿ ಸಾರುತ್ತದೆ. ವಿಷಯಪಟ್ಟಿಯ ಪುಸ್ತಕ ಹೊರಬರುತ್ತದೆ: ಯಾವ ಸ್ಪರ್ಧೆಗೆ ಯಾವ ವಸ್ತು, ಎಷ್ಟು ಸಾಲು, ತೀರ್ಪುಗಾರರು ಯಾರು. ಕುರ್ಚಿಗೆ ಬೇಕಾದದ್ದು ‘ಔಡಲ್’, ಅಂದರೆ ಕಟ್ಟುನಿಟ್ಟಿನ ಛಂದಸ್ಸಿನ ದೀರ್ಘ ಕವಿತೆ. ಈಚಿನ ಮಿತಿ 200ರಿಂದ 250 ಸಾಲು. ಇನ್ನೊಂದು ದೊಡ್ಡ ಬಹುಮಾನವಾದ ಕಿರೀಟಕ್ಕೆ ಮುಕ್ತ ಛಂದದ ಕವಿತೆ ಸಾಕು. ಕವಿ ಗುಪ್ತನಾಮದಲ್ಲಿ ಕಳಿಸುತ್ತಾನೆ. ನಿಜವಾದ ಹೆಸರು ಪ್ರತ್ಯೇಕವಾಗಿ, ಮುಚ್ಚಿ ಕೊಟ್ಟಿರುತ್ತದೆ. ಮೂವರು ತೀರ್ಪುಗಾರರು ಬಂದ ಕವಿತೆಗಳನ್ನು ದರ್ಜೆಗಳಾಗಿ ವಿಂಗಡಿಸಿ, ಪ್ರತಿಯೊಂದರ ದೋಷ ಗುಣ ಬರೆಯುತ್ತಾರೆ. ಆ ತೀರ್ಪುಗಳೂ ಗೆದ್ದ ಕೃತಿಗಳೂ ಪುಸ್ತಕವಾಗಿ ಅಚ್ಚಾಗಿ, ಶುಕ್ರವಾರದ ಕುರ್ಚಿ ಸಮಾರಂಭ ಮುಗಿಯುತ್ತಿದ್ದಂತೆ ಬಯಲಿನಲ್ಲಿ ಮಾರಾಟಕ್ಕೆ ಬರುತ್ತವೆ. ಸೋತವರ ಗುಪ್ತನಾಮವೂ ಅದರಲ್ಲಿರುತ್ತದೆ, ಬೈಗುಳವೂ.

ಔಡಲ್ ಬರೆಯುವವನ ಕತ್ತಿಗೆ ಬರುವುದು ‘ಕಂಗ್‌ಹಾನೆದ್’. ಪ್ರತಿ ಸಾಲಿನ ಒಳಗೇ ನಡೆಯಬೇಕಾದ ನಾದದ ಹೊಂದಾಣಿಕೆ ಅದು. ನಮ್ಮ ಆದಿಪ್ರಾಸ ಸಾಲಿನಿಂದ ಸಾಲಿಗೆ ಎರಡನೆಯ ವ್ಯಂಜನವನ್ನು ಹೊಂದಿಸುತ್ತದೆ; ಇಲ್ಲಿ ಒಂದು ಸಾಲನ್ನು ಎರಡಾಗಿ ಕಡಿದು, ಮೊದಲರ್ಧದ ವ್ಯಂಜನಗಳನ್ನೆಲ್ಲ ಅದೇ ಕ್ರಮದಲ್ಲಿ ಎರಡನೆಯ ಅರ್ಧದಲ್ಲಿ ಮರಳಿಸಬೇಕು. ಒಂದು ಗಾದೆ ನೋಡಿ: ‘ಟೇಗ್ ಎಡ್ರಿಖ್ ಟಿಯಾಗ್ ಆಡ್ರೆವ್’. ಮನೆಯ ಕಡೆ ನೋಡುವುದು ಚೆಂದ ಎಂದರ್ಥ. ಏಳು ಉಚ್ಚಾರಾಂಶ. ಮೊದಲರ್ಧದಲ್ಲಿ ಟ, ಗ, ಡ, ರ. ಎರಡನೆಯದರಲ್ಲೂ ಟ, ಗ, ಡ, ರ. ಕೊನೆಯ ಖ್ ಮತ್ತು ವ್ ಮಾತ್ರ ಬೇರೆ, ಬೇರೆಯೇ ಇರಬೇಕು ಕೂಡ. ಇದು ನಾಲ್ಕು ಬಗೆಗಳಲ್ಲಿ ಒಂದು. ಇನ್ನೊಂದರಲ್ಲಿ ನಡುವೆ ಕೆಲವು ವ್ಯಂಜನಗಳನ್ನು ಉತ್ತರವಿಲ್ಲದೆ ದಾಟಬಹುದು, ಮತ್ತೊಂದರಲ್ಲಿ ಒಳಪ್ರಾಸವೂ ವ್ಯಂಜನದ ಮರುಕಳಿಕೆಯೂ ಒಟ್ಟಿಗೆ ಬರುತ್ತವೆ, ಕೊನೆಯದರಲ್ಲಿ ಸಾಲಿನ ನಡುವಿನ ಒಂದು ಪದ ಕೊನೆಯ ಪದದ ಒತ್ತು ಬಿದ್ದ ಉಚ್ಚಾರಾಂಶಕ್ಕೆ ಪ್ರಾಸವಾಗುತ್ತದೆ.

ತಪ್ಪುವುದು ಎಲ್ಲಿ? ಸುಲಭದ ತಪ್ಪು, ಒಂದು ವ್ಯಂಜನಕ್ಕೆ ಉತ್ತರ ಕೊಡಲು ಮರೆಯುವುದು. ಅದನ್ನು ‘ಮೋಸದ ಕಂಗ್‌ಹಾನೆದ್’ ಎನ್ನುತ್ತಾರೆ. ಸೂಕ್ಷ್ಮ ತಪ್ಪಿಗೆ ‘ಕ್ರೀಖ್ ಆ ಲ್ಲಿವ್ನ್’ ಎಂದು ಹೆಸರು, ‘ಸುಕ್ಕು ಮತ್ತು ನುಣುಪು’. ವ್ಯಂಜನಗಳೇನೋ ಎಲ್ಲ ಇವೆ, ಕ್ರಮವೂ ಸರಿ, ಆದರೆ ಒಂದರ್ಧದಲ್ಲಿ ಒತ್ತಿನ ಸ್ವರಕ್ಕೆ ಮೊದಲು ಬಂದದ್ದು ಇನ್ನೊಂದರ್ಧದಲ್ಲಿ ಅದರ ನಂತರ ಬಂದಿದೆ. ಕಣ್ಣಿಗೆ ಸರಿ ಕಾಣುವುದರಿಂದ ಹೊಸಬರು ಇದರಲ್ಲೇ ಸಿಕ್ಕಿಬೀಳುತ್ತಾರೆ. ಗಟ್ಟಿಯಾಗಿ ಓದಿದರೆ ಕಿವಿ ಹಿಡಿಯುತ್ತದೆ. ಮೂರನೆಯದು, ಎರಡರ್ಧಗಳ ಒತ್ತಿನ ಸ್ವರಗಳೂ ಒಂದೇ ಆಗುವುದು. ‘ತೀರಾ ಒಂದೇ ಥರ’ ಎಂದು ತೀರ್ಪುಗಾರ ಗೆರೆ ಎಳೆಯುತ್ತಾನೆ. ವ್ಯಂಜನ ಅದೇ, ಸ್ವರ ಬೇರೆ ಎಂಬುದರಲ್ಲೇ ಇದರ ಸೊಗಸೆಲ್ಲ ಇರುವುದು. ಈ ಕಟ್ಟಿನೊಳಗೆ ಇನ್ನೂರು ಸಾಲು ಬರೆದು, ಅದು ವ್ಯಾಯಾಮ ಅನ್ನಿಸದೆ ಕವಿತೆ ಅನ್ನಿಸಬೇಕು.

ಹಾಡು, ಕುಣಿತ, ವಾಚನದವರಿಗೆ ಬೇರೆ ದಾರಿ. ಮೊದಲು ಪೂರ್ವಸುತ್ತು, ಅಲ್ಲಿಂದ ಸಾಮಾನ್ಯವಾಗಿ ಮೂವರು ದೊಡ್ಡ ವೇದಿಕೆಗೆ. ‘ವೇದಿಕೆ ಸಿಕ್ಕಿತು’ ಎಂಬುದೇ ಅವರ ಮಾತಿನಲ್ಲಿ ಒಂದು ಗೆಲುವು. ಇಲ್ಲಿ ಕೇಳಲೇಬೇಕಾದದ್ದು ‘ಕೆರ್ದ್ ಡಾಂಟ್’. ಹಾರ್ಪ್ ಒಂದು ಗೊತ್ತಾದ ಮಟ್ಟು ನುಡಿಸಲು ಶುರುಮಾಡುತ್ತದೆ. ಹಾಡುಗಾರ ಕೆಲವು ಆವರ್ತ ಸುಮ್ಮನಿದ್ದು, ಕವಿತೆಯನ್ನು ಬೇರೆಯೇ ಮಟ್ಟಿನಲ್ಲಿ ಎತ್ತಿಕೊಳ್ಳುತ್ತಾನೆ. ಇಬ್ಬರೂ ಒಟ್ಟಿಗೆ ಮುಗಿಸಬೇಕು. ಹಾಗಾಗಿ ಎತ್ತುಗಡೆ ಎಲ್ಲಿ ಎಂಬುದನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿರಬೇಕು, ಕವಿತೆಯ ಒತ್ತುಗಳು ಹಾರ್ಪಿನ ಪೆಟ್ಟುಗಳ ಮೇಲೆಯೇ ಬೀಳಬೇಕು.

ಶುಕ್ರವಾರದ ಸಮಾರಂಭಕ್ಕೆ ಬರೋಣ. ಗೆದ್ದವರಿಗೆ ಮೊದಲೇ ಗುಟ್ಟಾಗಿ ತಿಳಿಸಿರುತ್ತಾರೆ, ಆದರೆ ಅವರು ಸಭಿಕರ ನಡುವೆ ಏನೂ ಅರಿಯದವರಂತೆ ಕೂತಿರಬೇಕು. ತೀರ್ಪು ಓದಿಯಾದ ಮೇಲೆ ಗೋರ್ಸೆದ್‌ನ ಮುಖ್ಯಸ್ಥರಾದ ಆರ್ಚ್‌ಡ್ರೂಯಿಡ್ ಗುಪ್ತನಾಮ ಕರೆದು, ಆ ಹೆಸರಿನವರು ಮಾತ್ರ ಎದ್ದು ನಿಲ್ಲಲಿ ಎನ್ನುತ್ತಾರೆ. ಕಹಳೆ ಮೊಳಗುತ್ತದೆ, ದೀಪದ ಬೆಳಕು ಕತ್ತಲಲ್ಲಿ ಹುಡುಕುತ್ತದೆ, ಎಲ್ಲೋ ಒಬ್ಬರು ಏಳುತ್ತಾರೆ. ನೇರಳೆ ನಿಲುವಂಗಿ ಹೊದಿಸಿ ವೇದಿಕೆಗೆ ಕರೆತರುತ್ತಾರೆ. ದೊಡ್ಡ ಖಡ್ಗವನ್ನು ಒರೆಯಿಂದ ಸ್ವಲ್ಪವೇ ಎಳೆದು ಆರ್ಚ್‌ಡ್ರೂಯಿಡ್ ಮೂರು ಸಲ ಕೇಳುತ್ತಾರೆ: ‘ಆ ಓಯ್ಸ್ ಹೆದುಖ್?’, ಶಾಂತಿ ಇದೆಯೇ? ಸಭೆಯೆಲ್ಲ ‘ಹೆದುಖ್!’ ಎಂದು ಕೂಗುತ್ತದೆ. ಪ್ರತಿ ಸಲವೂ ಖಡ್ಗ ಒರೆಗೆ ಮರಳುತ್ತದೆ, ಪೂರ್ತಿ ಹೊರಬರುವುದೇ ಇಲ್ಲ. ಆಮೇಲೆ ಕವಿ ಕೂರುತ್ತಾರೆ. ಕುರ್ಚಿ ಪ್ರತಿವರ್ಷ ಹೊಸದಾಗಿ ಮಾಡಿಸಿದ್ದು, ಗೆದ್ದವರ ಮನೆಗೇ ಹೋಗುತ್ತದೆ. 2001ರಲ್ಲಿ ಡೆನ್‌ಬಿಯಲ್ಲಿ ಮೆರೆರಿಡ್ ಹಾಪ್‌ವುಡ್ ಕೂರುವವರೆಗೆ ರಾಷ್ಟ್ರೀಯ ಕುರ್ಚಿಯಲ್ಲಿ ಹೆಣ್ಣೊಬ್ಬರು ಕೂತಿರಲಿಲ್ಲ.

‘ಹೆದುಖ್’ ಪದದ ಬೇರು ‘ಹೇದ್’, ಶಾಂತಿ. ವೆಲ್ಷಿನಲ್ಲಿ ಪದದ ಮೊದಲಿದ್ದ ಪ್ರಾಚೀನ ಸಕಾರ ಬಹುಮಟ್ಟಿಗೆ ಹಕಾರವಾಗಿದೆ, ಹಳಗನ್ನಡದ ಪಾಲು ಹಾಲಾದ ಹಾಗೆ. ಸನಾತನದ ‘ಸನ’ ಅಲ್ಲಿ ‘ಹೇನ್’, ಮುದಿ. ಆ ದಾರಿಯಲ್ಲಿ ಹಿಂದಕ್ಕೆ ನಡೆದರೆ ಹೇದ್ ಮುಟ್ಟುವುದೂ ‘ಸೆದ್’ಗೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ: ಕೂತದ್ದು, ತಣ್ಣಗಾದದ್ದು.

ಯಾರೂ ಯೋಗ್ಯರಿಲ್ಲ ಎಂದು ತೀರ್ಪುಗಾರರಿಗೆ ಅನ್ನಿಸಿದರೆ ಕುರ್ಚಿಯನ್ನು ಕೊಡದೇ ಉಳಿಸಬಹುದು. ಹಾಗೆ ಉಳಿದ ವರ್ಷಗಳಿವೆ. 1917ರಲ್ಲಿ ಆದದ್ದು ಅದಲ್ಲ. ಆ ವರ್ಷದ ಉತ್ಸವ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಸೆಪ್ಟೆಂಬರ್ 6ರಂದು ‘ಫ್ಲರ್-ಡಿ-ಲಿ’ ಎಂಬ ಗುಪ್ತನಾಮ ಕರೆದರು, ಕಹಳೆ ಊದಿದರು, ಯಾರೂ ಏಳಲಿಲ್ಲ. ಕವಿ ಎಲಿಸ್ ಹಂಫ್ರಿ ಎವನ್ಸ್, ಟ್ರೌಸ್‌ವನಿದ್‌ನ ಕುರುಬ, ಯುದ್ಧಭೂಮಿಯ ಹತ್ತಿರದಿಂದ ಔಡಲ್ ಅಂಚೆಗೆ ಹಾಕಿದವನು, ಜುಲೈ 31ರಂದೇ ಬೆಲ್ಜಿಯಮ್ಮಿನ ಪಿಲ್ಕೆಮ್ ದಿಬ್ಬದಲ್ಲಿ ಸತ್ತಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿ ಮನೆಗೆ ಕಳಿಸಿದರು. ಅದನ್ನು ಕೆತ್ತಿದವನು ಬೆಲ್ಜಿಯಮ್ಮಿನಿಂದಲೇ ಓಡಿಬಂದ ನಿರಾಶ್ರಿತ. ಕವಿಯ ಕಾವ್ಯನಾಮ ಹೇದ್ ವಿನ್, ಶುಭ್ರವಾದ ಶಾಂತಿ.

ರಾಷ್ಟ್ರೀಯ ಉತ್ಸವವೊಂದೇ ಐಸ್ಟೆದ್‌ವೊಡ್ ಅಲ್ಲ. ಮಾರ್ಚ್ 1ರ ಸೇಂಟ್ ಡೇವಿಡ್ ದಿನಕ್ಕೆ ಶಾಲೆಶಾಲೆಗಳಲ್ಲಿ ನಡೆಯುತ್ತದೆ, ಹಳ್ಳಿಯ ಸಭಾಂಗಣದಲ್ಲಿ ನಡೆಯುತ್ತದೆ. ಮಕ್ಕಳ ಸಂಘಟನೆ ಉರ್ದ್ 1929ರಿಂದ ತನ್ನದೇ ನಡೆಸುತ್ತಿದೆ. 1947ರಲ್ಲಿ ಶುರುವಾದ ಲ್ಲಾಂಗೊಲ್ಲೆನ್‌ನದು ಅಂತರರಾಷ್ಟ್ರೀಯ ಸಂಗೀತ, ನೃತ್ಯದ್ದು. ಇದನ್ನೂ ರಾಷ್ಟ್ರೀಯವನ್ನೂ ಒಂದೇ ಎಂದು ಗೊಂದಲ ಮಾಡಿಕೊಳ್ಳುವವರು ಬಹಳ. ವಲಸೆಗಾರರ ಜೊತೆ ಪದವೂ ಹಡಗು ಹತ್ತಿತು. ಆಸ್ಟ್ರೇಲಿಯಾದಲ್ಲಿ ಅದು ವೆಲ್ಷ್ ಭಾಷೆಯನ್ನು ಪೂರ್ತಿ ಕಳಚಿಕೊಂಡು ಬರಿಯ ಸ್ಪರ್ಧೆಯ ಹೆಸರಾಗಿದೆ. 1933ರಲ್ಲಿ ಹುಟ್ಟಿದ ಸಿಡ್ನಿ ಐಸ್ಟೆದ್‌ವೊಡ್‌ಗೆ ಬ್ಯಾಲೆ ಕುಣಿಯಲು ಹೋಗುವ ಮಗುವಿಗೆ ಕುರ್ಚಿಯ ಗೊಡವೆಯಿಲ್ಲ. 1865ರಲ್ಲಿ ಮಿಮೋಸ ಎಂಬ ಹಡಗಿನಲ್ಲಿ ಅರ್ಜೆಂಟೀನಾದ ಪಟಗೋನಿಯಾಕ್ಕೆ ಹೋದವರ ಮಕ್ಕಳು ಮೊಮ್ಮಕ್ಕಳು ಮಾತ್ರ ಚುಬುಟ್ ಕಣಿವೆಯಲ್ಲಿ ಕುರ್ಚಿಯನ್ನು ಉಳಿಸಿಕೊಂಡಿದ್ದಾರೆ. ಅಲ್ಲಿ ವೆಲ್ಷ್ ಕವಿತೆ ಗೆದ್ದರೆ ಕುರ್ಚಿ, ಸ್ಪ್ಯಾನಿಷ್ ಕವಿತೆ ಗೆದ್ದರೆ ಕಿರೀಟ.